ಮನೆ ಭೇಟಿಗೆ ಹೊರಟವರ ಸುರಕ್ಷತೆಗೆ 18 ಸೂತ್ರಗಳು

ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಬಂದ ಮಗುವನ್ನು ಆಶಾ ಕಾರ್ಯಕರ್ತೆ ಆರು ಸಲ ನೋಡಬೇಕು: 3, 7, 14, 21, 28 ಮತ್ತು 42ನೇ ದಿನ. ಅಂಗನವಾಡಿ ಕಾರ್ಯಕರ್ತೆ, ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ, ಸಾಂತ್ವನ ಕೇಂದ್ರದ ಆಪ್ತಸಮಾಲೋಚಕಿ, ಕ್ಷಯರೋಗಿಗಳಿಗೆ ಮಾತ್ರೆ ತಲುಪಿಸುವವರು, ಅಂಗವಿಕಲರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಲ್ಲರದ್ದೂ ಇದೇ ಬಗೆಯ ಕೆಲಸ. ಒಂದೇ ಭೇಟಿಗೆ ಯಾವ ಮನೆಯೂ ಬದಲಾಗುವುದಿಲ್ಲ. ಮತ್ತೆ ಮತ್ತೆ ಹೋಗಲು ಸಾಧ್ಯವಾದರಷ್ಟೇ ಮೊದಲ ಸಲ ಹೋದದ್ದಕ್ಕೆ ಬೆಲೆ.

ಹೀಗಾಗಿ ಕ್ಷೇಮವಾಗಿ ಹಿಂತಿರುಗುವುದೂ ಕೆಲಸದ ಭಾಗವೇ. ಫೀಲ್ಡಿಗೆ ಇಳಿದವರಿಗೆ ಧೈರ್ಯದ ಪಾಠ ಬೇಕಿಲ್ಲ, ಅದು ಅವರಲ್ಲಿ ಬೇಕಾದಷ್ಟಿದೆ. ಬೇಕಿರುವುದು ಕ್ರಮ. ಅದು ಇಲ್ಲಿದೆ.

ಹೊರಡುವ ಮುನ್ನ

1. ಮನೆಯ ಬಗ್ಗೆ ಮೊದಲೇ ವಿಚಾರಿಸಿ

ಹಳೆಯ ಕಡತ ಓದಿ. ಕಡತಕ್ಕಿಂತ ಹೆಚ್ಚು ಗೊತ್ತಿರುವುದು ನೀರುಗಂಟಿಗೆ, ಅಂಚೆಯಣ್ಣನಿಗೆ, ಮೀಟರ್ ರೀಡರ್‌ಗೆ. ಅವರನ್ನು ಐದು ಪ್ರಶ್ನೆ ಕೇಳಿ. ಹಗಲು ಹೊತ್ತು ಆ ಮನೆಯಲ್ಲಿ ಯಾರಿರುತ್ತಾರೆ? ಕುಡಿಯುವವರು ಇದ್ದಾರೆಯೇ? ಹೊಡೆದಾಟ, ಪೊಲೀಸ್ ಕೇಸು ಏನಾದರೂ ಆಗಿತ್ತೇ? ನಾಯಿಯನ್ನು ಕಟ್ಟಿರುತ್ತಾರೋ, ಬಿಟ್ಟಿರುತ್ತಾರೋ? ಹಿಂದೆ ಹೋದ ಸಿಬ್ಬಂದಿಯ ಜತೆ ಹೇಗೆ ನಡೆದುಕೊಂಡರು? ಕೊಡಗಿನ ಮನೆಗಳಲ್ಲಿ ಕೋವಿ ಇರುವುದು ಸಹಜ, ಅದನ್ನು ಕಂಡು ಬೆಚ್ಚಬೇಕಿಲ್ಲ. ಕೋವಿ, ಕುಡಿತ, ಹಳೇ ಜಗಳ ಮೂರೂ ಒಂದೇ ಸೂರಿನಡಿ ಇದ್ದರೆ ಮಾತ್ರ ಎಚ್ಚರ ಬೇಕು.

ಸಿಕ್ಕ ಉತ್ತರ ನೋಡಿ ಮನೆಗೆ ಹಸಿರು, ಹಳದಿ, ಕೆಂಪು ಗುರುತು ಹಾಕಿ. ಹಸಿರು ಮನೆಗೆ ಒಬ್ಬರೇ ಹೋಗಬಹುದು. ಹಳದಿ ಮನೆಗೆ ಹಗಲಲ್ಲಿ, ಕಚೇರಿಗೆ ತಿಳಿಸಿ ಹೋಗಬೇಕು. ಕೆಂಪು ಮನೆಗೆ ಇಬ್ಬರಿಗಿಂತ ಕಡಿಮೆ ಜನ ಹೋಗಕೂಡದು. ಗುರುತು ಕಚೇರಿಯ ರಿಜಿಸ್ಟರಿನಲ್ಲಿರಲಿ. ನಿಮ್ಮ ತಲೆಯಲ್ಲಷ್ಟೇ ಉಳಿದರೆ ನಾಳೆ ನಿಮ್ಮ ಬದಲಿಗೆ ಹೋಗುವ ಹೊಸಬರಿಗೆ ಅದು ಗೊತ್ತಾಗುವುದಿಲ್ಲ.

2. ಊರಿನ ಗಾಳಿಸುದ್ದಿ ತಿಳಿದುಕೊಳ್ಳಿ

2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿತು. ಮುರ್ಕಿ ಗ್ರಾಮದ ಬಳಿ ಜನ ಮುಗಿಬಿದ್ದು ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೋವಿಡ್ ಸಮೀಕ್ಷೆಗೆಂದು ಮನೆ ಮನೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಪೌರತ್ವ ನೋಂದಣಿಗೆ ಲೆಕ್ಕ ತೆಗೆದುಕೊಳ್ಳುತ್ತಿದ್ದಾರೆಂಬ ಗುಮಾನಿ ಆ ದಿನಗಳಲ್ಲಿ ಹರಡಿತ್ತು.

ಎರಡೂ ಕಡೆ ಗಾಳಿಸುದ್ದಿ ವ್ಯಕ್ತಿಗಿಂತ ವೇಗವಾಗಿ ಓಡಿತು. ಹೊಸ ಊರಿಗೆ ಕಾಲಿಡುವ ಮುನ್ನ ಅಲ್ಲಿನವರೊಬ್ಬರಿಗೆ ಫೋನ್ ಮಾಡಿ, ಊರಲ್ಲಿ ಏನು ಮಾತು ನಡೆಯುತ್ತಿದೆ ಎಂದು ಕೇಳಿ. ಮೊದಲ ದಿನ ಪಂಚಾಯಿತಿ ಸದಸ್ಯರನ್ನೋ, ಸ್ತ್ರೀಶಕ್ತಿ ಸಂಘದ ಹಿರಿಯಳನ್ನೋ ಜತೆಗೆ ಕರೆದುಕೊಳ್ಳಿ. ಮಕ್ಕಳಿಗೆ ತಿಂಡಿ ಕೊಡಬೇಡಿ. ಹೆತ್ತವರನ್ನು ಕೇಳದೆ ಮಗುವನ್ನು ಎತ್ತಿಕೊಳ್ಳಬೇಡಿ, ಫೋಟೊ ತೆಗೆಯಬೇಡಿ. ರಕ್ಷಣೆ ಬೇಕಾದ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲಾಗುವುದನ್ನು 2015ರ ಬಾಲನ್ಯಾಯ ಕಾಯ್ದೆ ಹೇಗೂ ನಿಷೇಧಿಸಿದೆ. ಫೋಟೊ ತೆಗೆಯದಿದ್ದರೆ ಜನರ ಗುಮಾನಿಯೂ ಇಲ್ಲ, ಕಾನೂನಿನ ತೊಡಕೂ ಇಲ್ಲ.

3. ಹೊತ್ತು ನೋಡಿ ಹೊರಡಿ

ಬೆಳಗಿನ ಹನ್ನೊಂದು ಗಂಟೆಗೆ ತಣ್ಣಗಿರುವ ಮನೆ ರಾತ್ರಿ ಎಂಟಕ್ಕೆ ಹಾಗಿರುತ್ತದೆ ಎನ್ನಲಾಗದು. ಕಾಫಿ ತೋಟದ ಲೈನ್ ಮನೆಗಳಿಗೆ ಬಟವಾಡೆಯ ದಿನ ಸಂಜೆ ಹೋಗಬೇಡಿ. ಸಂತೆಯ ದಿನ, ಜಾತ್ರೆಯ ಮರುದಿನ, ಚುನಾವಣೆಯ ಹಿಂದಿನ ವಾರ, ಮನೆಯಲ್ಲಿ ಆಸ್ತಿ ಪಾಲು ನಡೆಯುತ್ತಿರುವ ಹೊತ್ತು, ಇವನ್ನೆಲ್ಲ ಬಿಟ್ಟು ದಿನ ಗೊತ್ತುಮಾಡಿ. ಕಷ್ಟದ ಮನೆಯನ್ನು ದಿನದ ಮೊದಲ ಭೇಟಿಯಾಗಿಸಿ. ಆಗ ನಿಮಗೂ ದಣಿವಿರುವುದಿಲ್ಲ, ಕಚೇರಿಯಲ್ಲೂ ಫೋನ್ ಎತ್ತುವವರಿರುತ್ತಾರೆ. ಊರಿನ ಕೊನೆಯ ಬಸ್ ಎಷ್ಟು ಗಂಟೆಗೆ ಎಂದು ತಿಳಿದುಕೊಂಡು, ಅದಕ್ಕಿಂತ ಮೊದಲಿನ ಬಸ್ಸನ್ನೇ ನಿಮ್ಮ ಕೊನೆಯ ಬಸ್ ಎಂದು ಎಣಿಸಿ.

4. ನಿಮ್ಮ ದಾರಿ ಕಾಯುವವರೊಬ್ಬರಿರಲಿ

ಯಾವ ಮನೆ, ಯಾವ ದಾರಿ, ಎಷ್ಟು ಗಂಟೆಗೆ ಹೊರಗೆ ಬರುತ್ತೀರಿ ಎಂಬ ಮೂರು ವಿವರ ಒಬ್ಬ ಸಹೋದ್ಯೋಗಿಗೆ ಗೊತ್ತಿರಲೇಬೇಕು. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ಒಂದು ಗಂಟೆಗೋ ಎಂಟು ಗಂಟೆಗೋ ಹಂಚಬಹುದು. ಆದರೆ ಮಲೆನಾಡಿನ ಒಂಟಿ ಮನೆಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಅಲ್ಲಿ ಫೋನನ್ನು ನಂಬದೆ ಗಡಿಯಾರವನ್ನು ನಂಬಿ. “ಹನ್ನೆರಡೂವರೆಗೆ ಸಿಗ್ನಲ್ ಇರುವ ಜಾಗಕ್ಕೆ ಬಂದು ಫೋನ್ ಮಾಡ್ತೀನಿ” ಎಂದು ಹೇಳಿ ಹೋಗಿ.

ಫೋನ್ ಬಾರದಿದ್ದರೆ ಏನು ಮಾಡಬೇಕೆಂಬುದೂ ಮೊದಲೇ ತೀರ್ಮಾನವಾಗಿರಬೇಕು. ಹದಿನೈದು ನಿಮಿಷ ಕಾದು ಫೋನ್ ಮಾಡುವುದು, ಅರ್ಧ ಗಂಟೆಗೆ ಆ ಊರಿನ ಪರಿಚಿತರನ್ನು ಕಳಿಸುವುದು, ಅಲ್ಲಿಗೂ ಸುಳಿವಿಲ್ಲದಿದ್ದರೆ ತುರ್ತು ಸಂಖ್ಯೆ 112. “ಆಗಲೇ ಬರ್ತಾಳೆ ಬಿಡು” ಎಂದು ಕಾಯುವುದಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ.

ಒಂದು ಗುಟ್ಟಿನ ಮಾತೂ ಇಟ್ಟುಕೊಳ್ಳಿ. “ಮೇಡಂ, ಹಸಿರು ರಿಜಿಸ್ಟರ್ ನಿಮ್ಮ ಮೇಜಿನ ಮೇಲಿದೆಯಾ?” ಎಂದು ನೀವು ಕೇಳಿದರೆ ಮನೆಯವರಿಗೆ ಅದು ಕಚೇರಿಯ ಮಾತು. ಆ ಕಡೆಯವರಿಗೆ ಮಾತ್ರ ನೀವು ಅಪಾಯದಲ್ಲಿದ್ದೀರೆಂದು ಅರ್ಥವಾಗಬೇಕು.

5. ಬಾಲ್ಯವಿವಾಹ ತಡೆಯಲು ಒಂಟಿಯಾಗಿ ಹೋಗಲೇಬೇಡಿ

1992ರಲ್ಲಿ ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಭಂವರಿ ದೇವಿ ಎಂಬ ಕಾರ್ಯಕರ್ತೆ ಬಾಲ್ಯವಿವಾಹವೊಂದನ್ನು ತಡೆಯಲು ನಿಂತರು. ರಾಜ್ಯ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಅವರು ‘ಸಾಥಿನ್’ ಆಗಿದ್ದವರು. ಇದರ ಸೇಡಿಗೆ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರವಾಯಿತೆಂದು ಅವರು ದೂರು ಕೊಟ್ಟರು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಆ ಆರೋಪದಿಂದ ಬಿಡುಗಡೆ ಮಾಡಿತು. ಸರ್ಕಾರದ ಕೆಲಸ ಮಾಡಲು ಹೋದ ಅದೇ ಊರಿನ ಹೆಂಗಸು ಅದೇ ಊರಿನಲ್ಲಿ ಒಂಟಿಯಾದಳು.

ಇದರಿಂದ ಕಲಿಯಬೇಕಾದ ನಿಯಮ ಒಂದೇ: ಸುದ್ದಿ ಕೊಡುವವರು ಬೇರೆ, ತಡೆಯಲು ಹೋಗುವವರು ಬೇರೆ ಆಗಿರಬೇಕು. ಆಶಾ, ಅಂಗನವಾಡಿ ಕಾರ್ಯಕರ್ತೆ ನಾಳೆಯೂ ಆ ಬೀದಿಯಲ್ಲೇ ಬಾಳಬೇಕು. ಅವರ ಪಾಲಿನ ಕೆಲಸ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವಲ್ಲಿಗೆ ಮುಗಿಯಲಿ, ಹೆಸರು ಗುಟ್ಟಾಗಿರಲಿ. ಚಪ್ಪರದ ಮುಂದೆ ನಿಲ್ಲಬೇಕಾದವರು ಬಾಲ್ಯವಿವಾಹ ನಿಷೇಧ ಅಧಿಕಾರಿ ಮತ್ತು ಪೊಲೀಸರು. ಸಮಯವಿದ್ದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ಮೊದಲೇ ತಡೆಯಾಜ್ಞೆ ತರಿಸಿಕೊಳ್ಳಿ. ಕೈಯಲ್ಲಿ ಕಾಗದವಿದ್ದರೆ ಮಾತಿನ ಧಾಟಿಯೇ ಬೇರೆ: “ಇದು ಕೋರ್ಟಿನ ಆದೇಶ, ಅಣ್ಣಾ. ಮೀರಿದರೆ ನಿಮಗೂ ಕಷ್ಟ, ನಮಗೂ ಕಷ್ಟ.” ಸಿಟ್ಟು ಕಾಗದದ ಕಡೆ ತಿರುಗಲಿ, ನಿಮ್ಮ ಕಡೆ ಬೇಡ. ಅಕ್ಷಯ ತೃತೀಯದಂಥ ದಿನಗಳ ಸಾಮೂಹಿಕ ಬಾಲ್ಯವಿವಾಹ ತಡೆಯುವ ಅಧಿಕಾರವನ್ನು ಅದೇ ಕಲಮು ಜಿಲ್ಲಾ ದಂಡಾಧಿಕಾರಿಗೂ ಕೊಟ್ಟಿದೆ. ದೊಡ್ಡ ಹೊರೆಯನ್ನು ದೊಡ್ಡ ಹೆಗಲಿಗೇ ಬಿಡಿ.

ದಾರಿಯಲ್ಲಿ

6. ಚಪ್ಪಲಿ ಹೊರಮುಖವಾಗಿರಲಿ

ನಮ್ಮ ಮನೆಗಳಲ್ಲಿ ಚಪ್ಪಲಿ ಹೊರಗೆ ಬಿಡುವುದು ಪದ್ಧತಿ. ಅದನ್ನು ಮೀರುವಂತಿಲ್ಲ, ಮೀರಬೇಕಾಗಿಯೂ ಇಲ್ಲ. ಬಕಲ್, ಲೇಸು ಇಲ್ಲದ, ಓಡಲು ಬರುವ ಚಪ್ಪಲಿ ಹಾಕಿ, ತುದಿ ರಸ್ತೆಯ ಕಡೆ ಇರುವಂತೆ ಬಿಡಿ. ಮೈಮೇಲೆ ಚಿನ್ನ ಕಡಿಮೆಯಿರಲಿ. ದುಪಟ್ಟಾ, ಸೆರಗಿಗೆ ಪಿನ್ನಿರಲಿ. ಕೊರಳಿನ ಗುರುತಿನ ಚೀಟಿಯ ಪಟ್ಟಿ ಎಳೆದರೆ ಬಿಚ್ಚಿಕೊಳ್ಳುವಂಥದ್ದಾಗಿರಲಿ. ಚೀಲ ಒಂದೇ ಸಾಕು, ಅದು ಹೆಗಲಲ್ಲೇ ಇರಲಿ. ಸಂಬಳದ ದುಡ್ಡು, ಬ್ಯಾಂಕ್ ಕಾರ್ಡು ಕಚೇರಿಯಲ್ಲೇ ಉಳಿಯಲಿ.

7. ಗಾಡಿ ರಸ್ತೆಗೆ ಮುಖ ಮಾಡಿ ನಿಲ್ಲಲಿ

ಅಂಗಳದ ಒಳಗೆ, ಗೇಟಿನ ಹಿಂದೆ ಗಾಡಿ ನಿಲ್ಲಿಸಬೇಡಿ. ರಸ್ತೆಯಲ್ಲಿ, ಹೊರಡುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಕೀಲಿಕೈ ಚೀಲದ ತಳದಲ್ಲಿರದೆ ಕೈಗೆ ಸಿಗುವಂತಿರಲಿ. ಪೆಟ್ರೋಲ್ ಮೀಟರು ಕೆಂಪಿಗೆ ಇಳಿದಿದ್ದರೆ ಮೊದಲು ಬಂಕಿಗೆ ಹೋಗಿ.

8. ನಾಯಿ, ಆನೆ, ಉಣುಗು

ಗೇಟಿನ ಹೊರಗೆ ನಿಂತು “ನಾಯಿ ಕಟ್ಟಿ” ಎಂದು ಕೂಗಿ, ಕಟ್ಟಿದ್ದನ್ನು ಕಣ್ಣಾರೆ ನೋಡಿಯೇ ಒಳಗೆ ಹೋಗಿ. “ಏನೂ ಮಾಡಲ್ಲ ಬನ್ನಿ” ಎಂಬ ಮಾತು ಆ ಮನೆಯವರ ಅನುಭವ, ನಿಮ್ಮದಲ್ಲ. ನಾಯಿ ಮೈಮೇಲೆ ಬಂದರೆ ಓಡಬೇಡಿ, ಚೀಲವನ್ನು ಅಡ್ಡ ಹಿಡಿದು ಹಿಂದೆ ಹಿಂದೆ ಸರಿಯಿರಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ನಡೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಲಸಿಕೆಯ ಒಂದು ಸುತ್ತನ್ನೂ ತಪ್ಪಿಸಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.

ಸಕಲೇಶಪುರ, ಆಲೂರು, ಕೊಡಗಿನ ಕಡೆಯವರು ಅರಣ್ಯ ಇಲಾಖೆಯ ಆನೆ ಸಂದೇಶಗಳ ಗುಂಪಿಗೆ ಸೇರಿಕೊಂಡಿರಬೇಕು. ಹಿಂಡು ಯಾವ ಎಸ್ಟೇಟಿನಲ್ಲಿದೆ ಎಂದು ನೋಡಿಯೇ ಕಾಲುದಾರಿ ಹಿಡಿಯಿರಿ. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ನೆನೆಸಿ.

ಬಾಗಿಲಲ್ಲಿ ಮತ್ತು ಒಳಗೆ

9. ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿ

ಕದ ತಟ್ಟಿ ಒಂದು ಹೆಜ್ಜೆ ಹಿಂದೆ, ಪಕ್ಕಕ್ಕೆ ನಿಲ್ಲಿ. ಕಿವಿಗೊಡಿ. ಒಳಗೆ ಕಿರುಚಾಟವಿದೆಯೇ, ಪಾತ್ರೆ ಬಿದ್ದ ಸದ್ದಿದೆಯೇ? ನೀವು ನೋಡಬೇಕಾದ ವ್ಯಕ್ತಿ ಮನೆಯಲ್ಲಿಲ್ಲದಿದ್ದರೆ “ಒಳಗೆ ಬನ್ನಿ, ಬರ್ತಾರೆ” ಎಂಬ ಕರೆಗೆ ಓಗೊಡಬೇಡಿ. “ಇರಲಿ ಅಣ್ಣಾ, ಆ ಕಡೆಯ ಮನೆ ಮುಗಿಸಿ ಬರ್ತೀನಿ” ಎನ್ನಿ. ಹೆಸರು, ಇಲಾಖೆ, ಬಂದ ಕಾರಣ ಮೂರನ್ನೂ ಮೊದಲ ಮಾತಿನಲ್ಲೇ ಹೇಳಿ. ಕಾರಣ ಮುಚ್ಚಿಟ್ಟು ಒಳಗೆ ಹೋದವರ ಮೇಲೆ ಸಂಶಯ ಬೇಗ ಹುಟ್ಟುತ್ತದೆ. ಯಾಕೋ ಸರಿಯಿಲ್ಲ ಎಂದು ಮನಸ್ಸಿಗೆ ಅನಿಸಿದರೆ ಸಾಕು, ಅದಕ್ಕೆ ಪುರಾವೆ ಹುಡುಕುತ್ತ ನಿಲ್ಲಬೇಡಿ.

10. ಕೂರುವ ಜಾಗ ನೀವೇ ಆರಿಸಿಕೊಳ್ಳಿ

ಜಗಲಿ, ಕಟ್ಟೆ, ಪಡಸಾಲೆ ಎಲ್ಲಕ್ಕಿಂತ ಒಳ್ಳೆಯ ಜಾಗ. ಮಾತು ಗುಟ್ಟಾಗಿರುತ್ತದೆ, ಬೀದಿಗೂ ಕಾಣುತ್ತೀರಿ. ಒಳಗೇ ಕೂರಬೇಕಾದರೆ ಬಾಗಿಲಿಗೂ ನಿಮಗೂ ನಡುವೆ ಯಾರೂ ಇಲ್ಲದಂತೆ ಕೂತುಕೊಳ್ಳಿ. ಮೆತ್ತನೆಯ ಸೋಫಾದಿಂದ ಥಟ್ಟನೆ ಏಳಲಾಗದು, ಮರದ ಕುರ್ಚಿ ಮೇಲು. ಮಂಚದ ಮೇಲೆ ಕೂರಬೇಡಿ. ನಡುಮನೆ ದಾಟಿ ಒಳಕೋಣೆಗೆ ಹೋಗುವುದಾದರೆ ಮನೆಯವರು ಮುಂದೆ, ನೀವು ಹಿಂದೆ. ಬಾಣಂತಿಯ ಕೋಣೆಗೆ ಹೋದಾಗ ಮನೆಯ ಹೆಂಗಸೊಬ್ಬರು ಜತೆಗಿರಲಿ. ಯಾರಾದರೂ ಎದ್ದು ಅಗುಳಿ ಹಾಕಿದರೆ ಮಾತು ಅಲ್ಲೇ ನಿಲ್ಲಿಸಿ: “ಬಾಗಿಲು ತೆಗೆದಿರಲಿ ಅಮ್ಮಾ, ನನಗೆ ಸೆಕೆ.”

11. ಕೊಟ್ಟ ನೀರು ಕುಡಿಯಿರಿ

ಕಾಫಿ, ನೀರು ಬೇಡವೆಂದರೆ ಕೆಲವು ಮನೆಗಳಲ್ಲಿ ಬರೀ ಬೇಸರವಾಗುತ್ತದೆ. ದಲಿತರ ಮನೆಯಲ್ಲಿ ಅದು ಮೈಲಿಗೆಯ ಮಾತಾಗಿ ಕೇಳಿಸುತ್ತದೆ, ಹಾಗೆ ಕೇಳಿಸುವುದಕ್ಕೆ ತಲೆತಲಾಂತರದ ಕಾರಣವಿದೆ. ಅಲ್ಲಿ ಒಂದು ಲೋಟ ನೀರು ಕುಡಿದವರ ಮೇಲೆ ಹುಟ್ಟುವ ನಂಬಿಕೆ ಯಾವ ಗುರುತಿನ ಚೀಟಿಯಿಂದಲೂ ಹುಟ್ಟುವುದಿಲ್ಲ. ಹಾಗೆಂದು ಕಣ್ಣುಮುಚ್ಚಿ ಕುಡಿಯಬೇಕೆಂದಲ್ಲ. ಗುರುತಿಲ್ಲದ ಗಂಡಸು ಒಬ್ಬನೇ ಇರುವ ಮನೆಯಲ್ಲಿ ಏನನ್ನೂ ಮುಟ್ಟಬೇಡಿ, ಚೀಲದ ಬಾಟಲಿ ತೋರಿಸಿ “ನೀರು ನನ್ನ ಹತ್ರ ಇದೆ” ಎನ್ನಿ. ಸಾಲ ಕೊಡುವುದು, ತೆಗೆದುಕೊಳ್ಳುವುದು ಮಾತ್ರ ಎಲ್ಲಿಯೂ ಬೇಡ. ದುಡ್ಡಿನ ನಂಟು ಬೆಳೆದ ಮನೆಗೆ ಕಾರ್ಯಕರ್ತೆಯಾಗಿ ಹೋಗಲು ಮತ್ತೆ ಆಗುವುದಿಲ್ಲ.

12. ಹೊಡೆತ ಬೀಳುವ ಮನೆಯಲ್ಲಿ ಮಾತು ಅಳೆದು ಆಡಿ

ಗಂಡನ ಎದುರಿಗೇ “ನಿಮಗೆ ಹೊಡೀತಾರಾ?” ಎಂದು ಹೆಂಡತಿಯನ್ನು ಕೇಳಬೇಡಿ. ಆ ಪ್ರಶ್ನೆಗೆ ಬೆಲೆ ತೆರುವವಳು ಅವಳು, ಅದೂ ನೀವು ಹೊರಟ ಮೇಲೆ. ಮನೆಯಲ್ಲಿ ಮಗುವಿನ ತೂಕದ ಮಾತು ಮಾತ್ರ ಇರಲಿ. ಉಳಿದದ್ದನ್ನು ಅಂಗನವಾಡಿಗೆ ಅವಳು ಬಂದಾಗ, ಆಸ್ಪತ್ರೆಯ ಸಾಲಿನಲ್ಲಿ, ತಾಯಿ ಕಾರ್ಡು ತುಂಬುವ ನೆಪದಲ್ಲಿ ಕೇಳಿ. ಸಹಾಯವಾಣಿಯ ಕರಪತ್ರ ಮನೆಯಲ್ಲಿ ಬಿಟ್ಟು ಬರಬೇಡಿ, 181 ಮೂರೇ ಅಂಕಿ, ಬಾಯಲ್ಲೇ ಹೇಳಿಕೊಡಬಹುದು. ಯಾವ ಹೊತ್ತಿಗೆ ಫೋನ್ ಮಾಡಬಹುದೆಂದು ಅವಳನ್ನೇ ಕೇಳಿ. ಫೋನನ್ನು ಬೇರೆಯವರು ಎತ್ತಿದರೆ ಹೇಳಲು ಲಸಿಕೆಯ ದಿನಾಂಕ ಸಿದ್ಧವಿರಲಿ.

ಗಂಡಹೆಂಡಿರ ನಡುವೆ ನಿಂತು ಹೊಡೆತ ತಡೆಯಲು ಹೋಗಬೇಡಿ. ಹೊರಗೆ ಬಂದು 112ಕ್ಕೆ ಕರೆ ಮಾಡಿ. ಅವಳನ್ನು ನಿಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ನಿಮ್ಮ ಮನೆಗೆ ಕರೆದೊಯ್ಯುವುದು ದೊಡ್ಡ ಮನಸ್ಸಿನ ಕೆಲಸವೇ ಸರಿ. ಆದರೆ ಆ ರಾತ್ರಿಯೇ ಗಂಡನ ಕಡೆಯವರು ನಿಮ್ಮ ಬಾಗಿಲಿಗೆ ಬಂದರೆ ಅವಳನ್ನೂ ನಿಮ್ಮ ಮಕ್ಕಳನ್ನೂ ಕಾಯುವವರು ಯಾರು? ಆ ಕೆಲಸಕ್ಕೆ ಸಖಿ ಕೇಂದ್ರವಿದೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿ ಇದ್ದಾರೆ. ಅವರಿಗೆ ಒಪ್ಪಿಸಿ.

13. ಕಾಯಿಲೆಯಿರುವ ಮನೆಗೆ ಅದರದೇ ಎಚ್ಚರ

ಕ್ಷಯರೋಗಿಯ ಜತೆ ಬಯಲಲ್ಲಿ, ಬಿಸಿಲಲ್ಲಿ ಮಾತಾಡಿ. ಒಳಗೆ ಹೋಗುವುದಾದರೆ ಕಿಟಕಿ ತೆರೆಸಿ, ಮಾಸ್ಕ್ ಹಾಕಿ. ಅವರಿಗೊಂದು ಕೊಟ್ಟು ನೀವೂ ಹಾಕಿಕೊಂಡರೆ ಅವಮಾನವಾಗುವುದಿಲ್ಲ. ಮನೋರೋಗಿಗಳನ್ನು ಕಂಡರೆ ಹೆದರಬೇಕಿಲ್ಲ, ಅವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ. ಆದರೆ ತನ್ನ ಮೇಲೆ ಎಲ್ಲರೂ ಮಸಲತ್ತು ನಡೆಸಿದ್ದಾರೆಂದು ನಂಬಿ ತಳಮಳಿಸುತ್ತಿರುವವರ ಹತ್ತಿರ ಸರಿಯಬೇಡಿ, ಪಿಸುಗುಟ್ಟಬೇಡಿ, ನಗಬೇಡಿ. ಅವರ ನಂಬಿಕೆಯೊಂದಿಗೆ ವಾದಿಸಬೇಡಿ, ಹೂಂಗುಟ್ಟಲೂ ಬೇಡಿ. “ನಿಮಗೆ ತುಂಬ ಹೆದರಿಕೆ ಆಗ್ತಿದೆ ಅಲ್ವಾ” ಎಂಬಷ್ಟು ಮಾತು ಸಾಕು. ಮನೆಯವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆ ಕೊಡಿ.

ಬಿಸಿಯೇರಿದಾಗ

14. ಅವರ ದನಿ ಏರಿದರೆ ನಿಮ್ಮದು ಇಳಿಯಲಿ

ಸಿಟ್ಟು ಬರುವ ಮುನ್ನ ಸುಳಿವು ಕೊಡುತ್ತದೆ. ಉತ್ತರಿಸುತ್ತಿದ್ದವರು ಥಟ್ಟನೆ ಮೌನವಾಗುತ್ತಾರೆ, ಎದ್ದು ಓಡಾಡತೊಡಗುತ್ತಾರೆ, ಮುಷ್ಟಿ ಬಿಗಿಯುತ್ತದೆ, ಮಕ್ಕಳನ್ನು ಹೊರಗೆ ಕಳಿಸುತ್ತಾರೆ. ಈ ಕೊನೆಯದನ್ನು ಕಂಡರೆ ನೀವೂ ಹೊರಡಿ.

ಸಿಟ್ಟಿಗೆದ್ದವರಿಗೆ “ಸಮಾಧಾನ ಮಾಡ್ಕೊಳ್ಳಿ” ಎಂದರೆ ಸಿಟ್ಟು ಹೆಚ್ಚುತ್ತದೆ. ಎರಡು ಕೈಯಳತೆ ದೂರ ಇಟ್ಟುಕೊಂಡು, ಎದುರುಬದುರು ನಿಲ್ಲದೆ ಕೊಂಚ ಪಕ್ಕಕ್ಕೆ ತಿರುಗಿ ನಿಲ್ಲಿ. ಅಂಗೈ ಕಾಣುವಂತಿರಲಿ, ಬೆರಳು ತೋರಿಸಿ ಮಾತಾಡಬೇಡಿ. ಹಳೇ ಮೈಸೂರಿನ ಕಡೆ “ಯಜಮಾನ್ರೇ, ನೀವ್ ಹೇಳೋದು ಪೂರ್ತಿ ಕೇಳ್ತೀನಿ”, ಧಾರವಾಡದ ಕಡೆ “ಹೇಳ್ರಿ ಅಣ್ಣಾರ, ನಾ ಕೇಳಾಕತ್ತೀನಿ”. ಊರಿನ ಮಾತಿನಲ್ಲಿ, ಊರಿನ ಮರ್ಯಾದೆಯಲ್ಲಿ ಕರೆದವರ ಮೇಲೆ ಕೈ ಎತ್ತುವುದು ಸುಲಭವಲ್ಲ. ರೇಷನ್ ಕಾರ್ಡು ರದ್ದಾದದ್ದು, ಪಿಂಚಣಿ ನಿಂತದ್ದು, ಆಸ್ಪತ್ರೆಯಲ್ಲಿ ಅಲೆದದ್ದು, ಹೀಗೆ ಬಹಳ ಸಲ ಆ ಸಿಟ್ಟು ಸರ್ಕಾರದ ಮೇಲಿನದು, ಎದುರಿಗೆ ಸಿಕ್ಕಿದವರು ನೀವು. ಕೇಳಿಸಿಕೊಳ್ಳಿ, ಬರೆದುಕೊಳ್ಳಿ. ನಿಮ್ಮಿಂದಾಗದ್ದನ್ನು ಮಾಡಿಕೊಡುತ್ತೇನೆಂದು ಮಾತ್ರ ಹೇಳಬೇಡಿ, ಮುಂದಿನ ಭೇಟಿಯಲ್ಲಿ ಆ ಸುಳ್ಳೇ ನಿಮಗೆ ತಿರುಗುಬಾಣವಾಗುತ್ತದೆ. ಕುಡಿದವರೊಂದಿಗಂತೂ ಮಾತು ಬೆಳೆಸುವುದೇ ಬೇಡ.

15. ಎದ್ದು ಬರಲು ಯಾರ ಅಪ್ಪಣೆಯೂ ಬೇಡ

ಹೊರಡಲು ನೆಪವೊಂದು ಸದಾ ಸಿದ್ಧವಿರಲಿ: “ಫಾರಂ ಗಾಡಿಯಲ್ಲೇ ಉಳೀತು, ತರ್ತೀನಿ.” ಬೆನ್ನು ತಿರುಗಿಸದೆ ಬಾಗಿಲು ದಾಟಿ. ಚಪ್ಪಲಿ, ಛತ್ರಿ, ರಿಜಿಸ್ಟರು ಅಲ್ಲೇ ಉಳಿದರೆ ಉಳಿಯಲಿ, ಪೊಲೀಸರ ಜತೆ ಬಂದು ತೆಗೆದುಕೊಳ್ಳಬಹುದು. “ಕಂಪ್ಲೇಂಟ್ ಕೊಡ್ತೀನಿ” ಎಂಬ ಮಾತು ಮನೆಯೊಳಗೆ ಬಾಯಿಗೆ ಬರಬಾರದು, ಅದು ಠಾಣೆಯಲ್ಲಿ ಆಡುವ ಮಾತು. ದಾರಿ ತಡೆದರೆ, ಕೂಡಿಹಾಕಿದರೆ ನಾಚಿಕೆ ಬಿಟ್ಟು ಬೀದಿಗೆ ಕೇಳುವಂತೆ ಕೂಗಿ. ಫೋನಿನ ತುರ್ತು ಕರೆ ಗುಂಡಿ ಹೇಗೆ ಕೆಲಸ ಮಾಡುತ್ತದೆಂದು ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ನೋಡಿ ಕಲಿತುಕೊಳ್ಳಿ. ಆ ಹೊತ್ತಿನಲ್ಲಿ ಹುಡುಕುತ್ತ ಕೂರಲಾಗದು.

ಹಿಂತಿರುಗಿದ ಮೇಲೆ

16. ಆದದ್ದನ್ನು ಆ ದಿನವೇ ಬರೆದಿಡಿ

ಬೈಗುಳ, ಬೆದರಿಕೆ, ಮೈಮುಟ್ಟುವ ಯತ್ನ, ಹಿಂಬಾಲಿಸಿ ಬಂದದ್ದು, ಯಾವುದೂ ಚಿಕ್ಕದಲ್ಲ. ಸಮಯ, ಜಾಗ, ಆಡಿದ ಮಾತು, ಕಂಡವರ ಹೆಸರು ಬರೆದು ಮೇಲ್ವಿಚಾರಕರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಎಷ್ಟೋ ಹೆಣ್ಣುಮಕ್ಕಳು ಇಂಥದ್ದನ್ನು ಮುಚ್ಚಿಡುತ್ತಾರೆ, ಏಕೆಂದರೆ ಮನೆಯಲ್ಲಿ ಗೊತ್ತಾದರೆ “ಕೆಲಸವೇ ಬೇಡ, ಬಿಡು” ಎನ್ನುತ್ತಾರೆ. ಮುಚ್ಚಿಟ್ಟ ಸುದ್ದಿಯಿಂದ ಮುಂದಿನ ವಾರ ಅದೇ ಮನೆಗೆ ಇನ್ನೊಬ್ಬಳು ಏನೂ ತಿಳಿಯದೆ ಹೋಗುತ್ತಾಳೆ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಕೀಯ-ಕಾನೂನು ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಹರಿದ ಬಟ್ಟೆ ಒಗೆಯದೆ ಹಾಗೇ ಇಡಿ.

17. ಕಾನೂನು ನಿಮ್ಮ ಕಡೆಗಿದೆ, ಬಳಸಿ

ಭಂವರಿ ದೇವಿಯವರಿಗೆ ಆದದ್ದನ್ನು ಮುಂದಿಟ್ಟುಕೊಂಡು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ವಿಶಾಖಾ ತೀರ್ಪು ಬಂತು, ಅದನ್ನೇ ಆಧರಿಸಿ ಮುಂದೆ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಈ ಕಾಯ್ದೆಯ ಪ್ರಕಾರ ಕೆಲಸದ ನಿಮಿತ್ತ ನೀವು ಹೋಗುವ ಪ್ರತಿಯೊಂದು ಜಾಗವೂ ಕೆಲಸದ ಸ್ಥಳವೇ, ಅಂದರೆ ನೀವು ಭೇಟಿ ಕೊಟ್ಟ ಮನೆಯೂ. ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರೂ ಅದರ ವ್ಯಾಪ್ತಿಗೆ ಬರುತ್ತಾರೆ, ಗೌರವಧನದವರೆಂಬ ಕಾರಣಕ್ಕೆ ನಿಮ್ಮನ್ನು ಹೊರಗಿಡುವಂತಿಲ್ಲ. ಕಿರುಕುಳ ಕೊಟ್ಟವನು ಹೊರಗಿನವನಾದರೂ, ನೀವು ಬಯಸಿದರೆ, ಪೊಲೀಸ್ ಕ್ರಮಕ್ಕೆ ಮುಂದಾಗುವುದು ಸಂಸ್ಥೆಯ ಹೊಣೆ. ದೂರಿಗೆ ಮೂರು ತಿಂಗಳ ಗಡುವು. ಹತ್ತಕ್ಕಿಂತ ಕಡಿಮೆ ಜನರಿರುವ ಕಚೇರಿಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯಿದೆ.

ಸರ್ಕಾರಿ ನೌಕರರನ್ನು ಕರ್ತವ್ಯದಿಂದ ತಡೆಯಲು ಹಲ್ಲೆ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮಿನಡಿ ಅಪರಾಧ. ನೀವು ನೌಕರರಲ್ಲದಿದ್ದರೂ ಹೊಡೆಯುವುದು, ಅಡ್ಡಗಟ್ಟುವುದು, ಕೂಡಿಹಾಕುವುದು ಅಪರಾಧವೇ. ಜಾತಿ ಹಿಡಿದು ನಿಂದಿಸಿದರೆ ಪರಿಶಿಷ್ಟ ಜಾತಿ, ಪಂಗಡದವರ ರಕ್ಷಣೆಗೆ 1989ರ ದೌರ್ಜನ್ಯ ತಡೆ ಕಾಯ್ದೆಯಿದೆ. “ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ” ಎಂದು ವಾಪಸು ಕಳಿಸಿದರೆ ಜೀರೊ ಎಫ್‌ಐಆರ್ ಕೇಳಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕಾಗಿಯೇ ಸಿಗುತ್ತದೆ. ಸಂಖ್ಯೆ 15100.

18. ಕಳಿಸುವವರಿಗೆ ಕೊನೆಯ ಸೂತ್ರ

ಮೇಲಿನ ಹದಿನೇಳನ್ನೂ ಕಾರ್ಯಕರ್ತೆಯರ ಹೆಗಲಿಗೆ ಹಾಕಿ ಅಧಿಕಾರಿಗಳು ಕೈತೊಳೆದುಕೊಳ್ಳುವಂತಿಲ್ಲ. ಎಚ್ಚರವಿದ್ದವರಿಗೂ ಏಟು ಬೀಳುತ್ತದೆ. ಆಗ “ನೀನ್ಯಾಕೆ ಒಬ್ಬಳೇ ಹೋದೆ?” ಎಂದು ಕೇಳುವ ಮುನ್ನ, ಜತೆಗೆ ಯಾರನ್ನು ಕಳಿಸಿದ್ದೆವು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕೆಂಪು ಮನೆಗೆ ಇಬ್ಬರು ಹೋಗಲು ಆದೇಶವೂ ಬಸ್ ಚಾರ್ಜೂ ನಿಮ್ಮಿಂದ ಬರಬೇಕು. ನಡುರಾತ್ರಿ ಹೆರಿಗೆಗೆ 108 ಆಂಬುಲೆನ್ಸಿನಲ್ಲಿ ಗರ್ಭಿಣಿಯನ್ನು ಕರೆತಂದ ಆಶಾಗೆ ಬೆಳಗಾಗುವವರೆಗೆ ಮಲಗಲು ಆಸ್ಪತ್ರೆಯಲ್ಲಿ ಅಗುಳಿಯಿರುವ ಕೋಣೆ ಬೇಕು. ಅಪಾಯ ಕಂಡು ಅರ್ಧಕ್ಕೆ ಎದ್ದು ಬಂದ ಭೇಟಿಯನ್ನೂ ಭೇಟಿಯೆಂದೇ ಲೆಕ್ಕಕ್ಕೆ ಹಿಡಿಯಬೇಕು. ಪ್ರೋತ್ಸಾಹಧನ ಕೈತಪ್ಪುತ್ತದೆಂಬ ಭಯವಿರುವವರು ಅಪಾಯ ಕಂಡರೂ ಕೂತೇ ಇರುತ್ತಾರೆ.

ತಿಂಗಳ ಸಭೆಯಲ್ಲಿ ಎಷ್ಟು ಮನೆ ಮುಗಿಯಿತು, ಎಷ್ಟು ಬಾಕಿ ಎಂಬ ಪ್ರಶ್ನೆ ಹೇಗೂ ಬರುತ್ತದೆ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಿ: “ಈ ತಿಂಗಳು ಯಾವ ಮನೆಗೆ ಹೋಗಲು ನಿಮಗೆ ಹೆದರಿಕೆಯಾಯಿತು?” ಬಂದ ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿ, ಪ್ರತಿ ಮನೆಯ ಮುಂದೆಯೂ ಮುಂದಿನ ಸಲ ಜತೆಗೆ ಹೋಗುವವರ ಹೆಸರು ನಮೂದಿಸಿ, ಸಭೆ ಮುಗಿಯುವ ಮುನ್ನ ನಿಮ್ಮ ಸಹಿ ಹಾಕಿ.